ನಾನು ಕೆಡಿಸಿದ ಟೂಲುಗಳು

ಬೇರೆಯವರು ಲೇಥಿನಲ್ಲಿ ಕಡೆದ ಜಾಬುಗಳನ್ನು ಅಳೆದು, ಪಾಸೋ ಫೇಲೋ ಮಾಡಿ ಸಂಬಳ ಎಣಿಸಿದವನು ನಾನು. ಭೋಸರಿಯಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಮೈಕ್ರೋಮೀಟರ್ ಹಿಡಿದುಕೊಂಡೇ ನಿವೃತ್ತನಾದೆ. ಅಳತೆ ಚೂರು ಆಚೀಚೆ ಆದರೂ ಜಾಬಿಗೆ ಕೆಂಪು ಬಣ್ಣ ಬಳಿದು ಬದಿಗಿಡುತ್ತಿದ್ದೆ. ಮೈ ಒರಟಾಗಿದ್ದರೆ ‘ಚಾಟರ್ ಗುರುತು’ (ಟೂಲು ಅದುರಿದ ಗೆರೆ) ಎಂದು ಚೀಟಿ ಬರೆದು ವಾಪಸು ಕಳಿಸುವುದು. ಆ ಟರ್ನರ್ ಯಾವ ಮಿಷನ್ನಿನಲ್ಲಿ, ಯಾವ ಟೂಲು ಕಟ್ಟಿ ಅದನ್ನು ಕಡೆದ ಎಂದು ಒಂದು ಸಲವೂ ಕೇಳಿದವನಲ್ಲ. ಇಂಥವನು ತಳೇಗಾಂವ ದಾಭಾಡೆಯಲ್ಲಿ ಮನೆ ಮಾಡಿ, ಗ್ಯಾರೇಜಿನಲ್ಲಿ ಸ್ವಂತಕ್ಕೊಂದು ಲೇಥು ನಿಲ್ಲಿಸಿಕೊಂಡಾಗ ಏನೇನಾಯಿತು ಎಂದು ಬರೆಯುವುದಕ್ಕೆ ನಾಚಿಕೆಯೇ. ಆದರೆ ನಿವೃತ್ತಿಯ ದುಡ್ಡಿನಲ್ಲಿ ಸಣ್ಣ ಲೇಥು ಕೊಳ್ಳುವ ಹುಚ್ಚು ನನ್ನೊಬ್ಬನದೇ ಅಲ್ಲ. ಲೇಥನ್ನೇನೋ ಎಲ್ಲರೂ ಚೌಕಾಸಿ ಮಾಡಿಯೇ ತರುತ್ತಾರೆ. ದುಡ್ಡು ಪೋಲಾಗುವುದು ಆಮೇಲೆ, ಟೂಲು ಕೊಳ್ಳುವಾಗ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ದೆಸೆಯಿಂದ ನಮ್ಮೂರಲ್ಲಿ ಲೇಥು ಎಂದರೆ ಮಕ್ಕಳಿಗೂ ಗೊತ್ತಿತ್ತು. ಬೆಂಗಳೂರಿಗೆ ಎಚ್‌ಎಂಟಿ ಬಂದದ್ದು ಅದಾಗಿ 12 ವರ್ಷಕ್ಕೆ, 1953ರಲ್ಲಿ. ಹರಿಹರದವರು ಈ ಮಾತನ್ನು ಸಂದರ್ಭ ಇರಲಿ ಬಿಡಲಿ ಹೇಳಿಯೇ ತೀರುತ್ತಾರೆ, ನಾನೂ ಹೇಳಿದೆ. ಮನೆಗೆ ತಂದರೆ ಕಿರ್ಲೋಸ್ಕರ್ ಲೇಥನ್ನೇ ತರಬೇಕೆಂಬ ಆಸೆಯಿತ್ತು. ಅವುಗಳ ತೂಕ ಕೇಳಿದ ಮೇಲೆ, ತ್ರೀ ಫೇಸ್ ಕರೆಂಟು ಬೇಕೆಂದು ಗೊತ್ತಾದ ಮೇಲೆ ಆಸೆ ಬಿಟ್ಟೆ. ಕೊನೆಗೆ ಸಿಕ್ಕಿದ್ದು ರಾಜಕೋಟದಲ್ಲಿ ತಯಾರಾದ, ಯಾರೋ ಬಳಸಿ ಮೂಲೆಗೆ ತಳ್ಳಿದ್ದ, ಮೂರಡಿ ಬೆಡ್ಡಿನ ಲೇಥು. ಸಿಂಗಲ್ ಫೇಸಿನ 1 ಎಚ್‌ಪಿ ಮೋಟರು. ಬೆಲ್ಟು ಬದಲಿಸಿ ವೇಗ ಬದಲಿಸಬೇಕು. ತೀರಾ ವೇಗದ ಪುಲ್ಲಿಗೆ ಹಾಕಿದರೂ ಚಕ್ಕು ತಿರುಗುವುದು ನಿಮಿಷಕ್ಕೆ 500 ಸುತ್ತು. 1 ಎಚ್‌ಪಿ, 500 ಸುತ್ತು: ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. ಆಗ ನಾನು ಇಟ್ಟುಕೊಳ್ಳಲಿಲ್ಲ.

ಮಿಷನ್ನು ಬಂದ ಹೊಸದರಲ್ಲೇ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಗೇಟಿನ ಮಾತು ಬಂತು. ಜಾರುವ ಗೇಟಿನ ಚಕ್ರಗಳ ಪಿನ್ನು ಸವೆದು ಗೇಟು ಒಂದು ಕಡೆಗೆ ವಾಲಿತ್ತು. 25 ಮಿಲಿಮೀಟರ್ ಸರಳಿನ ಎರಡೂ ತುದಿಯನ್ನು 20ಕ್ಕೆ ಇಳಿಸಿದರೆ ಪಿನ್ನಾಯಿತು, ಮೇಲೊಂದು ಹಿತ್ತಾಳೆಯ ಬುಶ್. ಐಟಿಐ ಹುಡುಗರು ಮೊದಲ ವರ್ಷದಲ್ಲೇ ಮಾಡುವ ಕೆಲಸ. ‘ಹೊರಗೆ ಯಾಕೆ ಕೊಡ್ತೀರಿ, ನಾನೇ ಮಾಡಿಕೊಡ್ತೀನಿ’ ಎಂದು ಎದ್ದು ನಿಂತು ಮರಾಠಿಯಲ್ಲಿ ಹೇಳಿದೆ. ನಮ್ಮ ಮಾವಳ ತಾಲ್ಲೂಕಿನ ಮಳೆ ಹಿಡಿಯುವುದರೊಳಗೆ ಗೇಟು ಸರಿಯಾಗಬೇಕೆಂದು ಠರಾವಾಯಿತು.

ಟೂಲಿನ ವಿಷಯದಲ್ಲಿ ನನಗಿದ್ದದ್ದು ಕಾರ್ಖಾನೆಯ ತಿಳಿವಳಿಕೆ. ಅಲ್ಲಿನ ಸಿಎನ್‌ಸಿ ಮಿಷನ್ನುಗಳಲ್ಲಿ ಇನ್ಸರ್ಟ್ ಬಿಟ್ಟು ಬೇರೇನೂ ಕಂಡಿರಲಿಲ್ಲ. ಹೋಲ್ಡರಿನ ತುದಿಗೆ ಬಿಗಿಯುವ, ಚಿನ್ನದ ಬಣ್ಣದ ಲೇಪನದ ಕಾರ್ಬೈಡ್ ತುಂಡು. ಒಂದು ಅಂಚು ಸವೆದರೆ ತಿರುಗಿಸಿ ಇನ್ನೊಂದು ಅಂಚಿನಿಂದ ಕೆಲಸ. ಟಿಎನ್‌ಎಂಜಿ ಎನ್ನುವ ತ್ರಿಕೋನದ ಇನ್ಸರ್ಟಿಗೆ ಮೇಲೆ ಮೂರು, ಕೆಳಗೆ ಮೂರು, ಒಟ್ಟು ಆರು ಅಂಚು. ಒಂದರ ಬೆಲೆಯನ್ನು ಆರರಿಂದ ಭಾಗಿಸಿ ನೋಡಿದೆ. ಇದಕ್ಕಿಂತ ಅಗ್ಗದ್ದು ಯಾವುದಿದೆ ಅನ್ನಿಸಿತು. ಆನ್‌ಲೈನಿನಲ್ಲಿ ಹೋಲ್ಡರಿಗೆ ಭಾರಿ ರಿಯಾಯಿತಿ ಬೇರೆ ಇತ್ತು. ಜತೆಗೊಂದು ಡಬ್ಬ ಇನ್ಸರ್ಟನ್ನೂ ತರಿಸಿಬಿಟ್ಟೆ.

ಹೋಲ್ಡರ್ ಕೈಗೆ ಬಂದಾಗ ನೋಡುತ್ತೇನೆ, ಅದರ ದಂಡ 20 ಮಿಲಿಮೀಟರ್ ಚೌಕ. ನನ್ನ ಟೂಲ್‌ಪೋಸ್ಟಿನಲ್ಲಿ ಸರಿಯಾಗಿ ಕೂರುವುದು 12ರ ಟೂಲು. 20ರದ್ದನ್ನು ತುರುಕಿದರೆ ಅದರ ತುದಿ ಜಾಬಿನ ಸೆಂಟರಿಗಿಂತ 8 ಮಿಲಿಮೀಟರ್ ಮೇಲೆ ನಿಲ್ಲುತ್ತದೆ, ಹಾಗಿದ್ದರೆ ಕತ್ತರಿಸುವ ಮಾತೇ ಇಲ್ಲ. ವಾಪಸು ಕಳಿಸುವ ಬದಲು ಹೋಲ್ಡರಿನ ತಳವನ್ನು ಒಂದು ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮಾಡಿಸಿದೆ. ಗಟ್ಟಿ ಉಕ್ಕು. ಕೊಟ್ಟ ಕೂಲಿ ರಿಯಾಯಿತಿಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚಾಯಿತು. ಅಳತೆಯನ್ನೇ ಉದ್ಯೋಗ ಮಾಡಿಕೊಂಡಿದ್ದವನು ತನ್ನ ಮನೆಯ ಟೂಲ್‌ಪೋಸ್ಟನ್ನು ಅಳೆದಿರಲಿಲ್ಲ!

ಅಂತೂ ಕಟ್ಟಿ, ಅರ್ಧ ಮಿಲಿಮೀಟರ್ ಆಳ ಕೊಟ್ಟೆ. ಗ್ಯಾರೇಜಿನ ಷಟರೂ ಅದುರುವಂಥ ಸದ್ದು. ಜಾಬಿನ ಮೈ ನುಣುಪಾಗುವ ಬದಲು ಕಿತ್ತು ಬಂದಂತೆ ಆಯಿತು. ಕಾರ್ಬೈಡಿಗೆ ಧಾರಾಳವಾಗಿ ಆಳ ಕೊಡಬೇಕು ಎಂದು ಎಲ್ಲೋ ಕೇಳಿದ್ದು ನೆನಪಾಗಿ ಹೆಚ್ಚಿಸಿದೆ. ಬೆಲ್ಟು ಜಾರಿತು, ಚಕ್ಕು ನಿಂತಿತು, ಇನ್ಸರ್ಟಿನ ಮೂಲೆ ಹಾರಿತು. ತಿರುಗಿಸಿ ಕಟ್ಟಿದೆ, ಮತ್ತೆ ಹಾರಿತು. ಆರು ಅಂಚಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಯಾಕೆ ಹೀಗಾಯಿತು ಎನ್ನುವುದು ಈಗ ನನಗೆ ಬಾಯಿಪಾಠ. ಟೂಲಿಗೆ ಬೇಕಾದದ್ದು ಚಕ್ಕಿನ ಸುತ್ತುಗಳ ಲೆಕ್ಕವಲ್ಲ. ಜಾಬಿನ ಮೈ ಅದರ ಎದುರಿಂದ ನಿಮಿಷಕ್ಕೆ ಎಷ್ಟು ಮೀಟರ್ ಹಾದುಹೋಗುತ್ತದೆ ಎನ್ನುವ ಲೆಕ್ಕ. ಆ ಮೀಟರನ್ನು 1000ದಿಂದ ಗುಣಿಸಿ, ಜಾಬಿನ ವ್ಯಾಸದಿಂದಲೂ 3.14ರಿಂದಲೂ ಭಾಗಿಸಿದರೆ ಬೇಕಾದ ಸುತ್ತು ಸಿಗುತ್ತದೆ. ಸಾಧಾರಣ ಮೈಲ್ಡ್ ಸ್ಟೀಲಿಗೆ ಲೇಪನದ ಕಾರ್ಬೈಡ್ ಕೇಳುವುದು 120 ಮೀಟರ್, ಅಥವಾ ಅದಕ್ಕೂ ಹೆಚ್ಚು. ನನ್ನ 25 ಮಿಲಿಮೀಟರ್ ಸರಳಿಗೆ ಅದು 1500 ಸುತ್ತು ದಾಟುತ್ತದೆ. ನನ್ನ 500 ಸುತ್ತಿಗೆ ಸಿಗುವುದು ಬರೀ 39 ಮೀಟರ್. ಆ ನಿಧಾನದಲ್ಲಿ ಕಬ್ಬಿಣದ ಚೂರುಗಳು ಟೂಲಿನ ಅಂಚಿಗೇ ಬೆಸೆದುಕೊಂಡು, ಕಳಚಿಕೊಂಡು, ಜಾಬಿನ ಮೈಯನ್ನೂ ಹರಿಯುತ್ತವೆ, ಅಂಚನ್ನೂ ಕೀಳುತ್ತವೆ. ದಪ್ಪ ಜಾಬು ಹಿಡಿದರೆ ಮೀಟರೇನೋ ಸಿಗುತ್ತದೆ, ಆಗ ಮೋಟರು ಸಾಲದು. 2 ಮಿಲಿಮೀಟರ್ ಆಳ, ಸುತ್ತಿಗೆ 0.25 ಮಿಲಿಮೀಟರ್ ಫೀಡು, 120 ಮೀಟರ್ ವೇಗ ಎಂದರೆ ಸುಮಾರು 2 ಕಿಲೋವ್ಯಾಟ್ ಶಕ್ತಿ ಬೇಕು. 1 ಎಚ್‌ಪಿ ಮುಕ್ಕಾಲು ಕಿಲೋವ್ಯಾಟ್ ಕೂಡ ಪೂರ್ತಿ ಅಲ್ಲ, ಅದರಲ್ಲೂ ಬೆಲ್ಟು ಬೇರಿಂಗು ತಿನ್ನುವುದು ಬೇರೆ. ಸಾಲದ್ದಕ್ಕೆ ಟಿಎನ್‌ಎಂಜಿ ನೆಗೆಟಿವ್ ಜಾತಿಯದು. ಅದರ ಪಕ್ಕಗಳು ನೆಟ್ಟಗಿರುತ್ತವೆ. ಹಾಗಾಗಿ ಹೋಲ್ಡರಿನಲ್ಲಿ ಅದನ್ನು ಸುಮಾರು 6 ಡಿಗ್ರಿ ಮುಂದಕ್ಕೆ ಬಗ್ಗಿಸಿ ಕೂರಿಸುತ್ತಾರೆ. ಉದುರದಿರಲೆಂದು ಅಂಚನ್ನೂ ಬೇಕೆಂದೇ ತುಸು ದುಂಡಗೆ ಮಾಡಿರುತ್ತಾರೆ. ಹೆರೆಯುವ ಟೂಲಲ್ಲ ಅದು, ಬಲ ಹಾಕಿ ತಳ್ಳುವ ಟೂಲು. ತಳ್ಳುವ ಬಲ ನನ್ನ ಲೇಥಿಗೆ ಇರಲಿಲ್ಲ.

ಇಷ್ಟಾದ ಮೇಲಾದರೂ ಯಾರನ್ನಾದರೂ ಕೇಳಬಹುದಿತ್ತು. ಇನ್‌ಸ್ಪೆಕ್ಷನ್ನಿನವನು ಟರ್ನರ್‌ನನ್ನು ಕೇಳುವುದೆ? ಇನ್ನೂ ಅಗ್ಗದ್ದಕ್ಕೆ ಇಳಿದೆ. ಉಕ್ಕಿನ ದಂಡಕ್ಕೆ ಹಿತ್ತಾಳೆಯಿಂದ ಬೆಸೆದ ಕಾರ್ಬೈಡ್ ತುದಿಯ ಟೂಲುಗಳು, ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಅವೇ ‘ವಿಡಿಯಾ ಟೂಲು’. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1960ರ ದಶಕದಿಂದ ಇದ್ದ ಕಾರ್ಖಾನೆಯ ಹೆಸರು ಅದು; ಈಗ ಯಾರು ಮಾಡಿದ್ದಾದರೂ ವಿಡಿಯಾವೇ. ನಾನು ತಂದದ್ದು ಹೆಸರಿಲ್ಲದ ಸೆಟ್ಟು. ದಂಡಕ್ಕೆ ಬಳಿದ ಬಣ್ಣ ಚೆಂದ ಕಂಡಿತು, ಅದರ ಅರ್ಥ ನೋಡಲಿಲ್ಲ. ನೀಲಿ ಎಂದರೆ ಪಿ, ಉಕ್ಕಿಗೆ. ಕೆಂಪು ಎಂದರೆ ಕೆ, ಬೀಡು ಕಬ್ಬಿಣಕ್ಕೆ. ನನ್ನವೆಲ್ಲ ಕೆಂಪು, ಕೆಲಸ ಉಕ್ಕಿನದು. ಆಯುಷ್ಯವೆಲ್ಲ ಕೆಂಪು ಬಳಿದವನಿಗೆ ಕೆಂಪು ಕಂಡು ಅನುಮಾನ ಬರಬೇಕಿತ್ತು.

ಇಂಥ ಟೂಲು ಅಂಗಡಿಯಿಂದ ಬರುವಾಗ ಪೂರ್ತಿ ಹರಿತವಾಗಿರುವುದಿಲ್ಲ, ನಾವೇ ಮಸೆದುಕೊಳ್ಳಬೇಕು. ನನ್ನ ಗ್ರೈಂಡರಿನಲ್ಲಿದ್ದದ್ದು ಮಾಮೂಲಿ ಬೂದು ಕಲ್ಲು. ಕಾರ್ಬೈಡಿಗೆ ಅದು ಹತ್ತುವುದಿಲ್ಲ, ಹಸಿರು ಬಣ್ಣದ ಸಿಲಿಕಾನ್ ಕಾರ್ಬೈಡ್ ಕಲ್ಲು ಬೇಕು. ಬೂದು ಕಲ್ಲಿಗೇ ಒತ್ತಿ ಒತ್ತಿ ತುದಿ ಕೆಂಪಗೆ ಕಾಯಿತು. ಆರಲೆಂದು ನೀರಿನ ಡಬ್ಬಕ್ಕೆ ಅದ್ದಿದೆ. ಚಿಟ್ ಎಂದಿತು. ಕಾದ ಕಾರ್ಬೈಡನ್ನು ನೀರಿಗೆ ಹಾಕಿದರೆ ಸೀಳುತ್ತದೆ. ಕಣ್ಣಿಗೆ ಕಾಣದ ಆ ಸೀಳು ಲೇಥಿಗೆ ಕಟ್ಟಿದ ಮೇಲೆ ಕಾಣಿಸಿಕೊಂಡಿತು, ತುದಿಯ ಅರ್ಧ ಭಾಗ ಹೋದಾಗ.

ಆಮೇಲೆ ಯಾರೋ ಎಚ್‌ಎಸ್‌ಎಸ್ ಬಿಟ್ ಸಾಕು ಎಂದರು. ಹೈ ಸ್ಪೀಡ್ ಸ್ಟೀಲು. ಪುಣೆಯ ಹಳೆ ಸಾಮಾನಿನ ಬಜಾರೊಂದರಲ್ಲಿ ಕಿಲೋ ಲೆಕ್ಕದಲ್ಲಿ ಚೌಕ ಬಿಟ್ಟುಗಳು ಸಿಕ್ಕಿದವು. ಒಂದರ ಮೇಲೂ ಮುದ್ರೆ ಇರಲಿಲ್ಲ. ಕಟ್ಟಿ ನಾಲ್ಕು ಸುತ್ತು ತಿರುಗುವುದರೊಳಗೆ ಅಂಚು ಮೊಂಡ. ಅವುಗಳಲ್ಲಿ ಬಹುಪಾಲು ಎಚ್‌ಎಸ್‌ಎಸ್ ಆಗಿರಲೇ ಇಲ್ಲ. ಗ್ರೈಂಡರಿಗೆ ಹಿಡಿದರೆ ಗೊತ್ತಾಗುತ್ತದೆ: ಸಾದಾ ಕಾರ್ಬನ್ ಸ್ಟೀಲಿನ ಕಿಡಿ ಬೆಳ್ಳಗೆ, ಹೂಬಾಣದಂತೆ ಒಡೆದು ಹರಡುತ್ತದೆ, ಎಚ್‌ಎಸ್‌ಎಸ್ ಕಿಡಿ ಮಂಕು ಕೆಂಪು, ಕಡಿಮೆ, ಒಡೆಯುವುದಿಲ್ಲ. ಕೊಂಡ ಮೇಲೆ ಕಲಿತದ್ದು.

ಅಷ್ಟರಲ್ಲಿ ಜೂನ್ ಬಂತು. ಗೇಟಿನ ಕೆಳಗೆ ವಾಚ್‌ಮನ್ ಕಲ್ಲು ಕೊಟ್ಟು ನಿಲ್ಲಿಸಿದ್ದ. ರಾತ್ರಿ ತಡವಾಗಿ ಬಂದವರು ಮಳೆಯಲ್ಲಿ ನೆನೆಯುತ್ತ ಗೇಟನ್ನು ಇಬ್ಬಿಬ್ಬರು ಸೇರಿ ಎಳೆಯುತ್ತಿದ್ದರು. ನಾನು ಕಡೆದ ಒಂದೇ ಒಂದು ಪಿನ್ನು 20 ಇರಬೇಕಾದಲ್ಲಿ 19.6 ಆಗಿ, ಮೈಯೆಲ್ಲ ಗೀರಾಗಿ ನಿಂತಿತ್ತು. ನನ್ನ ಮೇಜಿಗೆ ಬಂದಿದ್ದರೆ ಕೆಂಪು ಬಣ್ಣ ಖಂಡಿತ. ಸೆಕ್ರೆಟರಿ ನನ್ನನ್ನು ಏನೂ ಕೇಳಲಿಲ್ಲ, ಪಿನ್ನು ಬುಶ್ಶುಗಳನ್ನು ಸ್ಟೇಷನ್ ಕಡೆಯ ಒಂದು ಸಣ್ಣ ವರ್ಕ್‌ಶಾಪಿಗೆ ಕೊಟ್ಟುಬಂದರು. ಎಲ್ಲ ಸೇರಿ ಆದ ಖರ್ಚು ನನ್ನ ಹೋಲ್ಡರಿನ ಬೆಲೆಯಷ್ಟೂ ಇರಲಿಲ್ಲ. ಮುಂದಿನ ಮೀಟಿಂಗಿಗೆ ನಾನು ಹೋಗಲಿಲ್ಲ.

ಆದರೆ ಆ ಪಿನ್ನುಗಳನ್ನು ನೋಡದೆ ಇರಲಾಗಲಿಲ್ಲ. ವರ್ಕ್‌ಶಾಪಿಗೆ ಹೋಗಿ ಜೇಬಿನಿಂದ ವರ್ನಿಯರ್ ತೆಗೆದು ಅಳೆದೆ (ಚಟ). ಅಳತೆ ಸರಿಯಾಗಿತ್ತು, ಮೈ ಕನ್ನಡಿ. ಕಡೆದವನು ಇಂಡಿ ತಾಲ್ಲೂಕಿನವನು. ನಾನು ಫೋನಿನಲ್ಲಿ ಮನೆಯವಳ ಹತ್ತಿರ ಮಾತಾಡಿದ್ದು ಕೇಳಿ ‘ಕನ್ನಡದವ್ರೇನ್ರಿ?’ ಎಂದ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆ ಪಿಂಪ್ರಿಯ ವರ್ಕ್‌ಶಾಪುಗಳಲ್ಲಿ ನಿಂತ ಕೈಗಳು ಬಹಳ. ಇವನೂ ಹಿಂದೆ ಭೋಸರಿಯಲ್ಲಿದ್ದವನೇ. ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಹೇಳಿದಾಗ ನಕ್ಕ: ‘ಹಂಗಾರ ನಮಗ ಕೆಂಪ್ ಹಚ್ಚಾವ್ರ ಪೈಕಿ ಅನ್ರಿ.’ ಮರುದಿನ ನನ್ನ ಮುರುಕು ಟೂಲುಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಹೋದೆ. ಟಿಎನ್‌ಎಂಜಿ ಹೋಲ್ಡರನ್ನು ಕೈಯಲ್ಲಿ ತೂಗಿ ನೋಡಿ, ‘ಇದು ಹತ್ ಎಚ್‌ಪಿ ಮಿಷನ್ನಿನ ಟೂಲ್ ರೀ ಸಾಹೇಬ್ರ. ನಿಮ್ ಮಿಷನ್ ಇದನ್ನ ಹೆಂಗ ಜಗ್ಗಬೇಕು?’ ಎಂದು ಕೆಳಗಿಟ್ಟ.

ಅವನ ಲೇಥಿಗೆ ಕಟ್ಟಿದ್ದದ್ದು ಎಚ್‌ಎಸ್‌ಎಸ್ ಬಿಟ್. ಮಿರಾಂಡಾ ಎಂಬ ಮುದ್ರೆ ಇತ್ತು, ಮಸೆದು ಮಸೆದು ಗಿಡ್ಡವಾಗಿತ್ತು. ಅದನ್ನು ಯಾವಾಗ ಕೊಂಡದ್ದು ಎಂದು ಅವನಿಗೇ ನೆನಪಿರಲಿಲ್ಲ.

ಎಚ್‌ಎಸ್‌ಎಸ್ ಹೊಸದೇನಲ್ಲ. ಅಮೆರಿಕದ ಬೆತ್ಲೆಹೆಮ್ ಸ್ಟೀಲಿನಲ್ಲಿ ಫ್ರೆಡರಿಕ್ ಟೇಲರ್, ಮೌನ್ಸೆಲ್ ವೈಟ್ ಇಬ್ಬರೂ ಅದರ ಹದ ಕಂಡುಕೊಂಡದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಕತ್ತರಿಸುವ ವೇಗ ನೋಡಿ ಜನ ದಂಗಾದರು. ಹಳೆಯ ಮಿಶ್ರಣದಲ್ಲಿ 18 ಭಾಗ ಟಂಗ್‌ಸ್ಟನ್, 4 ಕ್ರೋಮಿಯಂ, 1 ವನೇಡಿಯಂ. ಸಾದಾ ಕಾರ್ಬನ್ ಸ್ಟೀಲು 250 ಡಿಗ್ರಿಯ ಸುಮಾರಿಗೆ ಮೆತ್ತಗಾದರೆ ಇದು 600 ಡಿಗ್ರಿಯ ಹತ್ತಿರದವರೆಗೂ ಗಟ್ಟಿ. ಅದೇ ಟೇಲರ್ 26 ವರ್ಷ ಲೋಹ ಕತ್ತರಿಸಿ ನೋಡಿ 1906ರಲ್ಲಿ ಲೆಕ್ಕ ಒಪ್ಪಿಸಿದ. ವೇಗಕ್ಕೂ ಟೂಲಿನ ಬಾಳಿಕೆಗೂ ಅವನು ಕೊಟ್ಟ ಸೂತ್ರದ ಪ್ರಕಾರ, ಎಚ್‌ಎಸ್‌ಎಸ್ ಟೂಲಿನ ವೇಗ ದುಪ್ಪಟ್ಟು ಮಾಡಿದರೆ ಬಾಳಿಕೆ 256ರಲ್ಲಿ ಒಂದು ಪಾಲಿಗೆ ಇಳಿಯಬಹುದು. ತಿರುಗಿಸಿ ಓದಿದರೆ ಸಣ್ಣ ಲೇಥಿನವನಿಗೆ ಇದು ವರ. ಅವಸರವಿಲ್ಲದವನ ಟೂಲು ಸಾಯುವುದೇ ಇಲ್ಲ ಎನ್ನಬಹುದು. ಮೈಲ್ಡ್ ಸ್ಟೀಲಿಗೆ ಎಚ್‌ಎಸ್‌ಎಸ್ ಕೇಳುವುದು 25ರಿಂದ 30 ಮೀಟರ್. 25 ಮಿಲಿಮೀಟರ್ ಸರಳಿಗೆ ಸುಮಾರು 380 ಸುತ್ತಿನೊಳಗೆ. ನನ್ನ ಲೇಥಿಗೆ ಆ ಪುಲ್ಲಿ ಇತ್ತು. ನಿವೃತ್ತನಿಗೆ ಅವಸರವೂ ಇರಲಿಲ್ಲ. ಸಿಎನ್‌ಸಿ ಕಾರ್ಖಾನೆಯ ಅವಸರವನ್ನು ದುಡ್ಡು ಕೊಟ್ಟು ಮನೆಗೆ ತಂದುಕೊಂಡಿದ್ದೆ.

ಮಸೆಯುವುದನ್ನು ಅವನು ಮಾಡಿ ತೋರಿಸಿದ. ಮುಂದೆ, ಪಕ್ಕಕ್ಕೆ 7–8 ಡಿಗ್ರಿ ತೆರವು, ಟೂಲಿನ ಹೊಟ್ಟೆ ಜಾಬಿಗೆ ಉಜ್ಜದ ಹಾಗೆ. ಮೇಲೆ ಪಕ್ಕದ ಇಳಿಜಾರು ಸುಮಾರು 12 ಡಿಗ್ರಿ, ಸುರುಳಿ ಸರಾಗವಾಗಿ ಹತ್ತಿ ಹೋಗಲೆಂದು. ಹಿತ್ತಾಳೆಗೆ ಮಾತ್ರ ಮೇಲ್ಭಾಗ ಚಪ್ಪಟೆ, ಇಳಿಜಾರು ಕೊಟ್ಟರೆ ಟೂಲು ಜಾಬಿಗೆ ನುಗ್ಗುತ್ತದೆ. ಮೂಗಿಗೆ ಎಣ್ಣೆಕಲ್ಲಿನಲ್ಲಿ ಒಂದಿಷ್ಟು ದುಂಡು. ಅವನು ಕೋನಮಾಪಕ ಹಿಡಿಯಲಿಲ್ಲ, ನಾನು ಇವತ್ತಿಗೂ ಹಿಡಿಯುತ್ತೇನೆ. ತುದಿ ನೀಲಿಯಾದಾಗ ನಾನು ಹೌಹಾರಿದೆ. ‘ನೀಲಿ ಆದ್ರ ಏನೂ ಆಗಂಗಿಲ್ರಿ, ಇದೇನ್ ಉಳಿ ಅಲ್ಲ’ ಎಂದ. ನೀಲಿ ಬರುವುದು 300 ಡಿಗ್ರಿಯ ಸುಮಾರಿಗೆ, ಎಚ್‌ಎಸ್‌ಎಸ್ ಅದಕ್ಕೆ ಅಂಜುವುದಿಲ್ಲ. ಉಳಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಉಳಿ ಮಸೆಯಲು ಬಾರದವನನ್ನು ನಮ್ಮಲ್ಲಿ ಯಾರೂ ಬಡಗಿ ಎನ್ನುವುದಿಲ್ಲ. ಕಬ್ಬಿಣದ ಕೆಲಸಕ್ಕೆ ಬಂದಾಗ ಹರಿತವನ್ನು ಡಬ್ಬದಲ್ಲಿ ಕೊಳ್ಳಬಹುದೆಂದು ನಾನು ನಂಬಿದ್ದೆ.

ಮೊದಲೆಲ್ಲ ನನ್ನ ಟೂಲುಗಳು ಮುಖ ಮುಖವಾಗಿ, ವಜ್ರದ ಹರಳು ಕೊರೆದಂತೆ ಬರುತ್ತಿದ್ದವು. ಒಂದು ಬಿಟ್ ಇಂಚುಗಟ್ಟಲೆ ಕಲ್ಲಿಗೇ ಹೋಯಿತು. ಆದರೆ ಅದನ್ನು ಮತ್ತೆ ಮಸೆಯಬಹುದಿತ್ತು, ಇನ್ಸರ್ಟಿನ ಹಾಗೆ ಎಸೆಯಬೇಕಿರಲಿಲ್ಲ. ಸೆಂಟರ್ ಹೈಟ್ ನೋಡುವ ಉಪಾಯವನ್ನೂ ಅವನಿಂದಲೇ ಕಲಿತೆ: ಸ್ಟೀಲ್ ಸ್ಕೇಲನ್ನು ಜಾಬಿಗೂ ಟೂಲಿನ ತುದಿಗೂ ನಡುವೆ ಮೆಲ್ಲಗೆ ಒತ್ತಿ ಹಿಡಿದರೆ ಅದು ನೆಟ್ಟಗೆ ನಿಲ್ಲಬೇಕು, ವಾಲಿದರೆ ಟೂಲು ಮೇಲಿದೆ ಅಥವಾ ಕೆಳಗಿದೆ. ಎತ್ತರ ಸರಿಮಾಡಲು ಹಳೆ ಹ್ಯಾಕ್ಸಾ ಬ್ಲೇಡಿನ ತುಂಡುಗಳೇ ಸಾಕು. ಟೂಲು ಪೋಸ್ಟಿನಿಂದ ಹೊರಗೆ ಚಾಚುವುದು ಅದರ ದಪ್ಪದ ಒಂದೂವರೆ ಪಟ್ಟಿನೊಳಗಿರಲಿ. ನನ್ನ ಲೇಥಿನ ಚಾಟರ್ ಅರ್ಧಕ್ಕರ್ಧ ಹೋದದ್ದು ಈ ಎರಡರಿಂದ. ಹಳೆ ಮಿಷನ್ನು, ಬೇರಿಂಗು ಸಡಿಲ ಎಂದು ನಾನು ರಾಜಕೋಟದವರನ್ನು ಬೈದುಕೊಳ್ಳುತ್ತಿದ್ದೆ.

ಕಾರ್ಬೈಡನ್ನು ಪೂರ್ತಿ ಬಿಟ್ಟಿದ್ದೇನೆ ಎಂದಲ್ಲ. ಬೀಡಿನ ಮೇಲ್ಚರ್ಮ, ಬೆಸುಗೆ ಹಾಕಿದ ಜಾಗ, ಗುಜರಿ ಅಂಗಡಿಯಿಂದ ತಂದ ಯಾವುದೋ ಗಟ್ಟಿ ಶಾಫ್ಟು ಎಚ್‌ಎಸ್‌ಎಸ್ ಅಂಚನ್ನು ತಿಂದುಹಾಕುತ್ತವೆ. ಅದಕ್ಕೆಂದು 10 ಮಿಲಿಮೀಟರ್ ದಂಡದ, ಸಿಸಿಎಂಟಿ 06 ಇನ್ಸರ್ಟ್ ಕೂರುವ ಹೋಲ್ಡರ್ ಒಂದಿದೆ. ಇದು ಪಾಸಿಟಿವ್ ಜಾತಿ, ಪಕ್ಕಕ್ಕೆ 7 ಡಿಗ್ರಿ ತೆರವು ಮೊದಲೇ ಇರುತ್ತದೆ, ಕಡಿಮೆ ಬಲದಲ್ಲಿ ಕತ್ತರಿಸುತ್ತದೆ. ಹೆಸರಿನ ಕೊನೆಯ ಎರಡು ಅಂಕಿ ಮೂಗಿನ ದುಂಡನ್ನು ಹೇಳುತ್ತವೆ: 04 ಎಂದರೆ 0.4 ಮಿಲಿಮೀಟರ್, 02 ಎಂದರೆ 0.2. ಸಣ್ಣ ಲೇಥಿಗೆ 02 ಅಥವಾ 04. 08ರ ತಂಟೆ ಬೇಡ, ಆ ಮೂಗಿಗಿಂತ ಕಡಿಮೆ ಆಳ ಕೊಟ್ಟರೆ ಕತ್ತರಿಸುವುದಕ್ಕಿಂತ ಉಜ್ಜುವುದೇ ಹೆಚ್ಚು. ಅಲ್ಯೂಮಿನಿಯಮ್ಮಿಗೆಂದು ಮಾರುವ ಸಿಸಿಜಿಟಿ ಇನ್ಸರ್ಟುಗಳಿಗೆ ಪಾಲಿಶ್ ಮಾಡಿದ ಹರಿತ ಅಂಚಿರುತ್ತದೆ. ಹಗುರ ಕಟ್ಟಿಗೆ ಉಕ್ಕಿನ ಮೇಲೂ ಅವು ಚೆನ್ನಾಗಿ ನಡೆಯುತ್ತವೆ, ನಮ್ಮಂಥವರ ಮಿಷನ್ನಿಗೆ ಲೇಪನದವುಗಳಿಗಿಂತ ಅವೇ ವಾಸಿ ಎಂದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ತಳೇಗಾಂವದಂಥ ಊರಿನವರಿಗೆ. ಇಲ್ಲಿಯ ಮಳೆಗಾಲದಲ್ಲಿ ಎಚ್‌ಎಸ್‌ಎಸ್ ಬಿಟ್ಟಿಗೂ ತುಕ್ಕು, ಲೇಥಿನ ಬೆಡ್ಡಿಗೂ ತುಕ್ಕು. ಮಸೆದ ಟೂಲುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಮುರಿದ ಕಾರ್ಬೈಡ್ ಚೂರುಗಳನ್ನು ಕಸಕ್ಕೆ ಹಾಕಬೇಡಿ. ಅದನ್ನು ಕಿಲೋ ಲೆಕ್ಕದಲ್ಲಿ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ. ನನ್ನದು ಸಾಕಷ್ಟು ತೂಗಿತು.

ಸಣ್ಣ ಲೇಥು ಕೊಳ್ಳಲು ಹೊರಟವರು ಮೊದಲು ಒಂದು ಬೆಂಚ್ ಗ್ರೈಂಡರ್ ಕೊಳ್ಳಿ. ಟೂಲ್‌ಪೋಸ್ಟ್ ಅಳೆದುಕೊಂಡು ಹೋಗಿ, ಹೆಸರು ಮತ್ತು ಗ್ರೇಡು ಮುದ್ರೆಯಿರುವ ಎಚ್‌ಎಸ್‌ಎಸ್ ಬಿಟ್ ಎರಡು ಮೂರು ತನ್ನಿ, ಮಿರಾಂಡಾ ಆಗಲಿ ಅಡಿಸನ್ ಆಗಲಿ. ಒಂದನ್ನು ಕೆಡಿಸಲಿಕ್ಕೆಂದೇ ಇಟ್ಟುಕೊಳ್ಳಿ. ನಿಮ್ಮೂರಿನಲ್ಲೊಬ್ಬ ಹಳೆಯ ಟರ್ನರ್ ಇದ್ದೇ ಇರುತ್ತಾನೆ. ಅವನ ಪಕ್ಕ ನಿಂತು ಮಸೆಯುವುದನ್ನು ನೋಡಿ, ಆಮೇಲೆ ಉಳಿದ ಖರೀದಿ. ಗ್ರೈಂಡರಿನ ಮುಂದೆ ಕನ್ನಡಕವಿಲ್ಲದೆ ನಿಲ್ಲಬೇಡಿ. ತಿರುಗುವ ಚಕ್ಕಿನ ಹತ್ತಿರ ಕೈಗವಸು ಹಾಕಿಕೊಂಡು ಹೋಗಲೇಬೇಡಿ.